ಕರಿಬೇವಿನ ಗುರುತು

ಎರಡನೆಯ ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ದೇವಾನಂದನ ಮೂಗು ಬಿಟ್ಟುಕೊಂಡಿತು. ಮುಲಾಮು ತಿಕ್ಕಿದರೂ ಬಿಸಿನೀರಿನ ಹಬೆ ತೆಗೆದುಕೊಂಡರೂ ಜಗ್ಗದಿದ್ದ ನೆಗಡಿ, ಸಾಂಬಾರಿನ ಹಬೆ ಮುಖಕ್ಕೆ ಹೊಡೆದ ಕೂಡಲೇ ದಾರಿ ಬಿಟ್ಟಿತು. ಇಂಗು ಬಂತು, ಹುಣಸೆ ಬಂತು, ನುಗ್ಗೆಕಾಯಿ ಬಂತು. ಅವುಗಳ ಹಿಂದಿನಿಂದ, ಕರೆಯದೆ ಬಂದ ನೆಂಟನ ಹಾಗೆ, ಎಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿಯ ವಾಸನೆಯೂ ಬಂತು. ಅವನ ಕೈಯ ಸೌಟು ಅಲ್ಲೇ ನಿಂತಿತು.

ಈರುಳ್ಳಿ ಬರಬಾರದ ಜಾಗ ಅದು. ಮುಂಬಯಿಯ ವಡಾಲದ ಒಂದು ಸೊಸೈಟಿಯ ಹಾಲ್‌ನಲ್ಲಿ ಅಮಿತ್‌ಭಾಯಿ ಎಂಬ ಗುಜರಾತಿ ಜೈನರ ಮನೆಯ ಊಟ. ಅವರ ತಾಯಿಗೆ ಎಂಬತ್ತು ತುಂಬಿತ್ತು. ಇಡೀ ಬಿಲ್ಡಿಂಗು ಆಕೆಯನ್ನು ಗುಜರಾತಿಯಲ್ಲಿ 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿತ್ತು. ನೆಲದೊಳಗೆ ಬೆಳೆದದ್ದನ್ನು ಬಾ ಮದುವೆಯಾಗಿ ಬಂದಾಗಿನಿಂದ ಬಾಯಿಗೆ ಇಟ್ಟವರಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹೋಗಲಿ, ಚಟ್ನಿಗೆ ಒಂದು ತುಂಡು ಹಸಿಶುಂಠಿ ಬಿದ್ದರೂ ತಟ್ಟೆ ಸರಿಸಿಬಿಡುವವರು. ರಾತ್ರಿ ನೆನೆದ ಹಿಟ್ಟೂ ಆಗದೆಂದು ದೇವಾನಂದ ಅವರಿಗಾಗಿ ಅವತ್ತೇ ರವೆ ಕಲಸಿ ಇಡ್ಲಿ ಬೇಯಿಸಿದ್ದ. ಇಷ್ಟೆಲ್ಲ ಎಚ್ಚರ ವಹಿಸಿದವನು ಸಾಂಬಾರಿನಲ್ಲಿ ಎಡವಿದ್ದ.

ಬಡಿಸುವವರಿಗೆ ಬೆನ್ನು ಮಾಡಿ, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದ. ಈರುಳ್ಳಿಯೂ ಹೌದು, ಬೆಳ್ಳುಳ್ಳಿಯೂ ಹೌದು.

ಈ ಒಂದು ತೊಟ್ಟನ್ನು ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲೇ ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಮೊದಲ ಸೌಟು ಗೋಡೆಯ ಮೇಲಿನ ದೇವರ ಪಟಕ್ಕೆ ತೋರಿಸುವ ತನಕ ಯಾರೂ ರುಚಿ ನೋಡುವಂತಿಲ್ಲ. ಬೇರೆ ಅಡುಗೆಯವರು ಅತ್ತಿತ್ತ ನೋಡಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರು, ಅದೇನು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ದೇವಾನಂದ ಮಾತ್ರ ಒಮ್ಮೆಯೂ ಹಚ್ಚಿಕೊಂಡವನಲ್ಲ. ಪಟಕ್ಕೆ ತೋರಿಸಿದ ಮೇಲೂ ನೋಡುತ್ತಿರಲಿಲ್ಲ. ನಾಳೆ ಯಾರಾದರೂ ಅವನ ಗುಟ್ಟು ತಿಳಿದು, ಎಂಜಲು ಮಾಡಿದ, ಮೈಲಿಗೆ ಮಾಡಿದ ಎಂದರೆ? ಅದಕ್ಕೇ ಅವನು ಮೂಗಿನಿಂದಲೇ ಅಡುಗೆ ಮಾಡುವುದನ್ನು ಕಲಿತಿದ್ದ. ಉಪ್ಪು ಕಡಿಮೆಯಾದರೂ ಅವನ ಮೂಗಿಗೆ ತಿಳಿಯುತ್ತದೆ ಎಂದು ಶೆಟ್ಟರು ಗಿರಾಕಿಗಳ ಮುಂದೆ ಹೊಗಳುತ್ತಿದ್ದರು. ಆ ಮೂಗು ಇವತ್ತು ಬೆಳಿಗ್ಗೆ ಕಟ್ಟಿತ್ತು.

ಗುಟ್ಟು ದೊಡ್ಡದೇನಲ್ಲ. ದೇವಾನಂದ ಬೀದರ ಕಡೆಯ ಕ್ರೈಸ್ತ. ಹೆಸರಿನಿಂದ ಅದು ಯಾರಿಗೂ ತಿಳಿಯುವಂತಿರಲಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಎರಡು ಹೋಟೆಲಿನವರು ಅವನ ಚರ್ಚಿನ ವಿಷಯ ತಿಳಿದ ಮೇಲೆ "ನಾಳೆ ಬಾ" ಎಂದು ಕಳಿಸಿದ್ದರು. ಆ ನಾಳೆ ಬರಲೇ ಇಲ್ಲ. ಶೆಟ್ಟರು ಮಾತ್ರ ಅವನು ಮಾಡಿದ ಸಾರು ಕುಡಿದು, "ಕೈ ಚಂದ ಉಂಟು ನಿನ್ನದು. ದೇವರ ವಿಷಯ ನಿನಗೂ ನಿನ್ನ ದೇವರಿಗೂ ಬಿಟ್ಟದ್ದು. ಹೊರಗೆ ಬಾಯಿ ಬಿಡ್ಬೇಡ ಮಾರಾಯ, ಅಷ್ಟೇ" ಎಂದು ಇಟ್ಟುಕೊಂಡಿದ್ದರು. ಯಾರಾದರೂ ಕೇಳಿದರೆ ನಮ್ಮ ಉಡುಪಿ ಕಡೆಯವನೇ ಎನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೆಯೇ ನಡೆದಿತ್ತು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಪಟಕ್ಕೆ ಊದುಬತ್ತಿ ಬೆಳಗುವ ಕೆಲಸ ಮುರಿಗೆಪ್ಪನದು. ಆ ಹೊತ್ತಿಗೆ ದೇವಾನಂದ ಗ್ಯಾಸ್ ಒಲೆಯ ತಿರುಪಿನ ಮೇಲೆ ಕೈಯಿಟ್ಟು, ಏನೋ ಸರಿಮಾಡುವವನ ಹಾಗೆ ತಲೆ ತಗ್ಗಿಸಿ, ತನ್ನ ಪ್ರಾರ್ಥನೆ ಮುಗಿಸಿಕೊಳ್ಳುತ್ತಿದ್ದ.

"ಕಾಕಾ, ಇಲ್ಲಿ ಬಾ" ಎಂದು ಈಗ ಅದೇ ಮುರಿಗೆಪ್ಪನನ್ನು ಕರೆದ. ಇಂಡಿ ತಾಲ್ಲೂಕಿನವನು, ಇವನಿಗಿಂತ ಹಿರಿಯ, ಮಸಾಲೆ ರುಬ್ಬುವುದೂ ಪಾರ್ಟಿಗಳಲ್ಲಿ ಬಡಿಸುವುದೂ ಅವನ ಕೆಲಸ.

"ಏನೋ ದೇವಾ?"

"ವಾಸನಿ ನೋಡು."

ಮುರಿಗೆಪ್ಪ ಪಾತ್ರೆಗೆ ಬಗ್ಗಿದ. "ಘಮಘಮ ಅನ್ನಾಕತ್ತೈತಿ" ಎಂದವನು, ದೇವಾನಂದನ ಮುಖ ನೋಡಿ ಇನ್ನೊಮ್ಮೆ ಬಗ್ಗಿದ. ಈ ಸಲ ಎದ್ದಾಗ ಅವನ ದನಿ ಇಳಿದಿತ್ತು. "ಇದು ಜೈನ್ ಮಸಾಲಿ ಅಲ್ಲಲ್ಲೋ. ನಾ ಡಬ್ಬಿ ಮ್ಯಾಲ ಕರಿಬೇವ ಇಟ್ಟಿದ್ನೆಲ್ಲ."

"ಇಟ್ಟಿದ್ದಿ. ನಾ ನೋಡ್ಲಿಲ್ಲ. ತಪ್ಪು ನಂದು."

ರುಬ್ಬಿದ ಮೇಲೆ ಎರಡು ಮಸಾಲೆಗಳೂ ನೋಡಲು ಒಂದೇ. ಅದಕ್ಕೇ ಜೈನ್ ಮಸಾಲೆಯ ಮೇಲೆ ಒಂದು ಎಸಳು ಕರಿಬೇವು ಇಡುವ ಪದ್ಧತಿ. ಆದರೆ ವರ್ಷಗಟ್ಟಲೆ ಮೇಜಿನ ಎಡಕ್ಕೆ ಜೈನ್, ಬಲಕ್ಕೆ ಮಾಮೂಲಿ ಇಟ್ಟು ಇಟ್ಟು ದೇವಾನಂದನ ಕೈಗೆ ಕಣ್ಣಿನ ಹಂಗು ತಪ್ಪಿಹೋಗಿತ್ತು. ಅವತ್ತು ಸಿಲಿಂಡರು ಬದಲಿಸಲು ಬಂದವನು ಮೇಜನ್ನು ಎಳೆದು, ಡಬ್ಬಿಗಳ ಸಮೇತ ತಿರುಗಿಸಿ ಇಟ್ಟು ಹೋಗಿದ್ದ. ದೇವಾನಂದ ಎಂದಿನಂತೆ ಎಡಕ್ಕೆ ಕೈ ಹಾಕಿದ್ದ.

"ಈಗ ಏನ್ ಮಾಡಾಂವ?" ಮುರಿಗೆಪ್ಪ ಕೇಳಿದ. "ಮೊದಲಿನ ಪಾತ್ರಿ ಹುಡುಗ್ರು ಉಂಡು ಮುಗಿಸ್ಯಾರ. ಯಾರೂ ಒಂದ್ ಮಾತ್ ಅಂದಿಲ್ಲ. ಇನ್ನೊಂದಿಷ್ಟು ಇಂಗು ಹಾಕು, ಮುಚ್ಚು. ಅರದ ಉಳ್ಳಾಗಡ್ಡಿ ಯಾರ ಕಣ್ಣಿಗೆ ಬೀಳ್ತದ."

"ಶೆಟ್ರಿಗೆ ಹೇಳ್ತೀನಿ ಮೊದ್ಲ."

"ಹೇಳ್ಬ್ಯಾಡೋ ತಮ್ಮಾ. ಸುಮ್ಕಿರು. ನಿನಗ ಒಬ್ಬಾಕಿ ಮಗಳದಾಳ, ಕಾಲೇಜ್ ಕಲ್ಯಾಕತ್ತಾಳ."

ಮುರಿಗೆಪ್ಪ ಹೆದರಿದ್ದು ಇವನಿಗಾಗಿಯೇ. ಅದು ದೇವಾನಂದನಿಗೆ ತಿಳಿಯದೆ ಇರಲಿಲ್ಲ. ಐವತ್ತೆರಡರ ವಯಸ್ಸಿನಲ್ಲಿ, ಕೆಲಸ ಬಿಟ್ಟ ಕ್ರೈಸ್ತ ಅಡುಗೆಯವನಿಗೆ ಇನ್ನೊಂದು ಉಡುಪಿ ಹೋಟೆಲು ಬಾಗಿಲು ತೆಗೆಯುವುದಿಲ್ಲ. ಮಾಂಸದ ಹೋಟೆಲಿನವರಿಗೆ ಇವನ ಸಾಂಬಾರು ಬೇಡ. ಬೆಳಗಿನಿಂದ ನಿಂತ ಕಾಲುಗಳು ಬೇರೆ ನೋಯುತ್ತಿದ್ದವು. ಎಲ್ಲಾದರೂ ಒಂದು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಸಾಕು ಅನ್ನಿಸಿತು.

ಶೆಟ್ಟರು ಅಷ್ಟರಲ್ಲಿ ಬಂದೇ ಬಂದರು. ದೊಡ್ಡ ಪಾರ್ಟಿಗೆಲ್ಲ ಬಿಳಿ ಶರಟು ಹಾಕಿಕೊಂಡು ಬಂದು ಮನೆಯವರಿಗೆ ಕೈಮುಗಿದು ಹೋಗುವುದು ಅವರ ರೂಢಿ. ದೇವಾನಂದ ಅವರನ್ನು ಪರದೆಯ ಹಿಂದೆ ಕರೆದು ಎರಡೇ ಮಾತಿನಲ್ಲಿ ಹೇಳಿದ. ಮೊದಲು ಅವರು ನೋಡಿದ್ದು ಪರದೆ ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು.

"ಯಾರಿಗೆಲ್ಲ ಹೇಳಿದ್ದೀ?"

"ಕಾಕಾಗ ಗೊತ್ತದ. ಬ್ಯಾರೆ ಯಾರಿಗೂ ಇಲ್ರಿ."

"ಹಾಗಾದ್ರೆ ಇಲ್ಲಿಗೇ ಬಿಟ್ಟುಬಿಡು. ಹೊಟ್ಟೆಗೆ ಹೋದದ್ದು ಹೋಯ್ತು. ಈಗ ಹೇಳಿದ್ರೆ ಆ ಮಕ್ಕಳಿಗೆ ವಾಂತಿ ಮಾಡಿಸ್ತಾರೆ, ಮನೆಯವರು ಅಳ್ತಾರೆ. ಯಾರಿಗೆ ಲಾಭ?"

"ಬಾ ಇನ್ನಾ ಉಂಡಿಲ್ರಿ ಶೆಟ್ರ. ಈಗ ಕೂಡ್ತಾರ."

"ಅಲ್ಲ ಮಾರಾಯ, ನಿಮ್ಮಲ್ಲಿ ಎಲ್ಲವೂ ಆಗ್ತದಲ್ಲ? ಈರುಳ್ಳಿ ನಿನಗೆ ಯಾವಾಗಿಂದ ಪಾಪ ಆದದ್ದು?"

"ನನಗಲ್ರಿ. ಅವ್ರಿಗೆ."

ಕೆಟ್ಟ ಮನುಷ್ಯನಲ್ಲ ಶೆಟ್ಟರು. ದೇವಾನಂದನ ಹೆಂಡತಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿ ಕಳೆದವರು. ಅವನ ಭುಜ ಹಿಡಿದು ಹತ್ತಿರ ಎಳೆದುಕೊಂಡರು. "ನೋಡು, ಇದು ಹೊರಗೆ ಬಂದ್ರೆ ಮೊದಲು ಕೇಳುದು, ಅಡುಗೆ ಮಾಡಿದವ ಯಾರು ಅಂತ. ನೀನು ಯಾರು ಅಂತ ಗೊತ್ತಾದ ಮೇಲೆ ಕೈತಪ್ಪು ಅಂದ್ರೆ ಯಾರೂ ನಂಬುದಿಲ್ಲ. ಬೇಕಂತಲೇ ಹಾಕಿದ ಅಂತಾರೆ. ಕಾಲ ಹೇಗುಂಟು ಗೊತ್ತುಂಟಲ್ಲ ನಿನಗೆ? ನನ್ನ ಹೋಟೆಲು ಬಿಡು, ನಿನ್ನ ಮೈಮೇಲೆ ಬರ್ತದೆ."

ಶೆಟ್ಟರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಒಂದು ಕೆಲಸ ಮಾಡು" ಎಂದರು ಶೆಟ್ಟರು, ಸ್ವಲ್ಪ ಮೆತ್ತಗಾಗಿ. "ಆ ಅಮ್ಮನಿಗೆ ಮಾತ್ರ ಸಾಂಬಾರು ಬೇಡ. ಇವತ್ತು ಖಾರ ಜಾಸ್ತಿ ಆಗಿದೆ, ನಿಮಗಾಗುದಿಲ್ಲ ಅಂತ ಹೇಳು. ಇಡ್ಲಿ, ಚಟ್ನಿ, ಶಿರಾ ತಿನ್ಲಿ. ನಿನ್ನ ಮನಸ್ಸಿಗೂ ಸಮಾಧಾನ, ನನಗೂ ಸಮಾಧಾನ. ಆಯ್ತಾ?"

"ಆಯ್ತ್ರಿ" ಎಂದ ದೇವಾನಂದ. ನಿಜವಾಗಿಯೂ ಅವನಿಗೆ ಹಗುರವಾಯಿತು. ಇಷ್ಟು ಸುಲಭದ ದಾರಿ ತನಗೇಕೆ ಹೊಳೆಯಲಿಲ್ಲ ಎಂದುಕೊಂಡ.

ಬಾ ಹಾಲ್‌ನ ನಡುವೆ, ಹೂವಿನ ಹಾರ ಸುತ್ತಿದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗ ಅಮಿತ್‌ಭಾಯಿ, ಸುತ್ತ ನೆಂಟರು. ಮುದುಕಿಯ ಮುಂದೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಎರಡು ರವೆ ಇಡ್ಲಿ, ಚಟ್ನಿ, ಒಂದು ಖಾಲಿ ಬಟ್ಟಲು. ದೇವಾನಂದ ಬರಿಗೈಯಲ್ಲಿ ಹೋಗಿ ಅವರ ಮುಂದೆ ಬಗ್ಗಿ, "ಬಾ, ಸಾಂಬಾರು ಇವತ್ತು ಖಾರ ಆಗಿದೆ. ನಿಮಗೆ ಬೇಡ" ಎಂದು ಹಿಂದಿಯಲ್ಲಿ ಹೇಳಿದ.

ಬಾ ನಕ್ಕರು. ಮುಂದಿನ ಹಲ್ಲು ಒಂದೂ ಇರಲಿಲ್ಲ. "ಖಾರವಾದರೆ ಸಕ್ಕರೆ ಹಾಕಿಕೊಳ್ಳುತ್ತೇನೆ, ಬೇಟಾ. ನಿನ್ನೆಯಿಡೀ ಉಪವಾಸ ಇದ್ದೆ. ಈ ಜನಕ್ಕೆಲ್ಲ ಕೇಕ್ ಬೇಕಂತೆ, ನಾನು ಕೇಳಿದ್ದು ನಿನ್ನ ಸಾಂಬಾರು ಒಂದೇ. ಹಾಕು."

ಹಾಕು ಎಂದು ಆಕೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದರು. ದೇವರು ಈಕೆಯ ಬಾಯಿಂದ ಒಮ್ಮೆ ಬೇಡ ಅನ್ನಿಸಿದ್ದರೆ ಎಷ್ಟು ಚೆನ್ನಾಗಿತ್ತು. ದೇವಾನಂದ ಇನ್ನೊಂದು ಸುಳ್ಳಿಗಾಗಿ ತಡಕಾಡಿದ. ಮುಗಿದಿದೆ ಅನ್ನಬಹುದು. ಆರಿದೆ, ಬಿಸಿ ಮಾಡಿ ತರುತ್ತೇನೆ ಅನ್ನಬಹುದು. ಸುಳ್ಳುಗಳೇನೋ ಬೇಕಾದಷ್ಟಿದ್ದವು, ಹನ್ನೊಂದು ವರ್ಷದ ಅಭ್ಯಾಸ. ಆದರೆ ಯಾವುದನ್ನೂ ಎತ್ತಿ ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಧೈರ್ಯ ಬಂತು ಅಂತಲೂ ಅಲ್ಲ. ಸಾಕಾಗಿಹೋಗಿತ್ತು, ಅಷ್ಟೆ.

"ಬಾ, ಅದನ್ನು ತಿನ್ನಬೇಡಿ" ಎಂದ. "ಅದರಲ್ಲಿ ಈರುಳ್ಳಿ ಇದೆ. ಬೆಳ್ಳುಳ್ಳಿಯೂ ಇದೆ. ನನ್ನ ಕೈಯಿಂದ ತಪ್ಪಾಗಿದೆ."

ಅಮಿತ್‌ಭಾಯಿ ಮೊದಲು ಅರ್ಥವಾಗದವರಂತೆ ನೋಡಿದರು, ಆಮೇಲೆ ಎದ್ದು ನಿಂತರು. "ಏನಂದೆ? ಮಕ್ಕಳೆಲ್ಲ ತಿಂದರಲ್ಲ?"

"ಹೌದು ಸಾಬ್. ಅವರು ತಿಂದದ್ದೂ ಅದೇ. ನನಗೆ ತಿಳಿದದ್ದು ಈಗ."

ಯಾರೋ ಹೆಂಗಸು ಬಾಯಿಗೆ ಸೆರಗು ಹಿಡಿದು ಹೊರಗೆ ಓಡಿದಳು. ಒಬ್ಬರು ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ಶೆಟ್ಟರು ಪರದೆಯ ಹಿಂದಿನಿಂದ ಕೈಮುಗಿದುಕೊಂಡೇ ಬಂದರು.

"ಉಡುಪಿಯ ಅಡುಗೆಯವರು ಅಂತ ಕಣ್ಣು ಮುಚ್ಚಿ ನಂಬಿದೆವು" ಎಂದರು ಅಮಿತ್‌ಭಾಯಿ ಶೆಟ್ಟರಿಗೆ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು ದನಿಯಲ್ಲಿ. "ಇಂಥ ತಪ್ಪು ಹೇಗಾಗುತ್ತದೆ ಶೆಟ್ಟಿಜಿ? ಯಾರು ಇವನು?"

"ಹಳೇ ಮನುಷ್ಯ ಸಾಬ್, ನಮ್ಮ ಊರಿನವನೇ, ಉಡುಪಿಯ ದೇವಸ್ಥಾನದ ಅಡುಗೆಮನೆಯಲ್ಲಿ ಕಲಿತವನು" ಎಂದು ಶೆಟ್ಟರು ಶುರುಮಾಡಿದರು. ಹೇಳುತ್ತಾ ಅವರ ಕಣ್ಣು ದೇವಾನಂದನನ್ನು ಬೇಡಿಕೊಳ್ಳುತ್ತಿತ್ತು. ಇವನು ತಲೆ ಆಡಿಸಿದರೆ ಮುಗಿಯುತ್ತಿತ್ತು. ಅಷ್ಟೂ ಬೇಡ, ಸುಮ್ಮನೆ ನಿಂತರೆ ಸಾಕಿತ್ತು.

"ನಾನು ಉಡುಪಿಯವನಲ್ಲ ಸಾಬ್" ಎಂದ ದೇವಾನಂದ. "ಬೀದರದವನು. ಕ್ರಿಶ್ಚಿಯನ್. ಶೆಟ್ಟರು ನನ್ನ ಹೊಟ್ಟೆಪಾಡು ನೋಡಿ ಹಾಗೆ ಹೇಳುತ್ತಾರೆ. ತಪ್ಪು ಅವರದಲ್ಲ. ಬೇಕಂತ ಮಾಡಿದ್ದೂ ಅಲ್ಲ."

ಹಿಂದಿನಿಂದ ಯಾರೋ ಏನೋ ಅಂದರು. ಒಬ್ಬ ಯುವಕ ಫೋನು ಎತ್ತಿ ಅವನ ಮುಖಕ್ಕೆ ಹಿಡಿದ. ದೇವಾನಂದ ಮುಖ ತಿರುಗಿಸಲಿಲ್ಲ, ಆದರೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಏಪ್ರನ್ನಿಗೆ ಒರೆಸುತ್ತಲೇ ಇದ್ದ. ಹೆದರಿಕೆ ಈಗ ಬಂದಿತ್ತು. ಮನಸ್ಸಿನಲ್ಲಿ ಒಂದು ವಾಕ್ಯವಾದರೂ ಪ್ರಾರ್ಥನೆ ಹೇಳಿಕೊಳ್ಳೋಣವೆಂದರೆ ಬರೀ "ಸ್ವಾಮಿ, ಸ್ವಾಮಿ" ಎಂಬುದರ ಮುಂದೆ ಏನೂ ಬರಲಿಲ್ಲ.

ಬಾ ಇನ್ನೂ ಬಟ್ಟಲು ಹಿಡಿದೇ ಕೂತಿದ್ದರು. ಅದನ್ನು ನಿಧಾನವಾಗಿ ತಟ್ಟೆಯ ಆಚೆ ಬೋರಲು ಹಾಕಿದರು.

"ಇಡ್ಲಿಯಲ್ಲಿ?" ಎಂದು ಕೇಳಿದರು.

ಮೊದಲು ಅದು ತನ್ನನ್ನೇ ಕೇಳಿದ್ದೆಂದು ಅವನಿಗೆ ತಿಳಿಯಲಿಲ್ಲ. "ಇಡ್ಲಿಯಲ್ಲಿ ಏನೂ ಇಲ್ಲ ಬಾ. ಬೆಳಿಗ್ಗೆ ಕಲಸಿದ ರವೆ."

"ಚಟ್ನಿ?"

"ತೆಂಗಿನಕಾಯಿ, ಮೆಣಸಿನಕಾಯಿ, ಪುಟಾಣಿ. ಶುಂಠಿ ಹಾಕಿಲ್ಲ."

"ಮಮ್ಮಿ, ಏನೂ ಬೇಡ ಬಿಡು. ಇವರ ಮಾತನ್ನು ಇನ್ನು ಹೇಗೆ ನಂಬುವುದು?" ಎಂದರು ಅಮಿತ್‌ಭಾಯಿ.

ಬಾ ಮಗನ ಕಡೆ ನೋಡಲಿಲ್ಲ. ದೇವಾನಂದನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮೆಚ್ಚುಗೆಯೇನೂ ಇರಲಿಲ್ಲ ಆ ನೋಟದಲ್ಲಿ, ಕ್ಷಮೆಯೂ ಇರಲಿಲ್ಲ. ತರಕಾರಿಯವನ ಬಳಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವವರ ಹಾಗೆ ನೋಡಿದರು. ಆಮೇಲೆ ಇಡ್ಲಿಯ ಒಂದು ಮೂಲೆ ಮುರಿದು, ಚಟ್ನಿಗೆ ಅದ್ದಿ, ಬಾಯಿಗೆ ಇಟ್ಟುಕೊಂಡು ಹಲ್ಲಿಲ್ಲದ ವಸಡಿನಿಂದ ಮೆಲ್ಲತೊಡಗಿದರು.

ಉಳಿದವರು ಯಾರೂ ತಿನ್ನಲಿಲ್ಲ. ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದರು ಅಮಿತ್‌ಭಾಯಿ. ದೇವಾನಂದ, ಮುರಿಗೆಪ್ಪ ಇಬ್ಬರೂ ಸಾಂಬಾರಿನ ಪಾತ್ರೆಯ ಒಂದೊಂದು ಕಿವಿ ಹಿಡಿದು ಟೆಂಪೋದ ತನಕ ಹೊತ್ತರು. ನಡುದಾರಿಯಲ್ಲಿ ಎರಡು ಸಲ ಕೆಳಗಿಟ್ಟು ಕೈ ಬದಲಿಸಿಕೊಂಡರು. ಮುರಿಗೆಪ್ಪ ಬೈಯಲಿಲ್ಲ. ಟೆಂಪೋ ಹತ್ತುವಾಗ ಮಾತ್ರ, "ನೀ ಭಾಳ ಹುಚ್ಚ ಅದಿ ನೋಡು" ಎಂದು ಅವನ ಬೆನ್ನ ಮೇಲೆ ಕೈಯಿಟ್ಟ, ಬಹಳ ಹೊತ್ತು ತೆಗೆಯಲಿಲ್ಲ.

ಹೋಟೆಲಿನ ಹಿಂದಿನ ಬಾಗಿಲಲ್ಲಿ ಶೆಟ್ಟರು ಕಾಯುತ್ತಿದ್ದರು. ಬಿಳಿ ಶರಟಿನ ಬೆನ್ನೆಲ್ಲ ಬೆವರಿಗೆ ಅಂಟಿಕೊಂಡಿತ್ತು. "ಬಿಲ್ಡಿಂಗಿನ ಗ್ರೂಪಿನಲ್ಲಿ ನಿನ್ನ ವಿಡಿಯೋ ಹಾಕಿದ್ದಾರೆ" ಎಂದರು. "ಎರಡು ಆರ್ಡರ್ ಆಗಲೇ ಕ್ಯಾನ್ಸಲ್."

"ತಪ್ಪಾಗ್ಯದ್ರಿ ಶೆಟ್ರ."

"ಈರುಳ್ಳಿದು ಬಿಡು. ಅದು ಯಾರಿಂದಲೂ ಆಗ್ತದೆ. ಆ ಎರಡನೇದು ಯಾಕೆ ಹೇಳಿದ್ದು ನೀನು? ನಾನು ಹೇಳ್ತಾ ಇದ್ದೆ ಅಲ್ವಾ? ಸುಮ್ಮನೆ ನಿಂತಿದ್ರೆ ಎಂತ ಆಗ್ತಿತ್ತು?"

"ಸಾಕಾಗಿತ್ರಿ."

"ಎಂತದು?"

"ಸುಮ್ನ ನಿಲ್ಲೋದು."

ಶೆಟ್ಟರು ಬೀದಿಯ ಕಡೆ ನೋಡುತ್ತಾ ಹೇಳಿದರು: "ನಾಳೆ ಬರ್ಬೇಡ. ಸ್ವಲ್ಪ ತಣ್ಣಗಾಗ್ಲಿ. ನಾನು ಫೋನ್ ಮಾಡ್ತೇನೆ."

ದೇವಾನಂದ ಏಪ್ರನ್ ಬಿಚ್ಚಿ, ನಾಲ್ಕಾಗಿ ಮಡಚಿ, ಮೊಳೆಗೆ ನೇತುಹಾಕುವ ಬದಲು ಮೇಜಿನ ಮೇಲಿಟ್ಟ. ಅಲ್ಲಿ ಜೈನ್ ಮಸಾಲೆಯ ಡಬ್ಬಿ ಹಾಗೆಯೇ ಇತ್ತು. ಮೇಲಿನ ಕರಿಬೇವು ಸೆಕೆಗೆ ಬಾಡಿತ್ತು. ಫೋನು ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಶೆಟ್ಟರಿಗೂ ಗೊತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಕೈಮುಗಿದರು.

ಆಂಟಾಪ್ ಹಿಲ್‌ಗೆ ನಡೆದೇ ಹೊರಟ. ಬಿಸಿಲು ಇನ್ನೂ ಜೋರಾಗಿತ್ತು. ಭಾನುವಾರದ ಮಧ್ಯಾಹ್ನ ರಸ್ತೆಯಲ್ಲಿ ಹೀಗೆ ಬರಿಗೈಯಲ್ಲಿ ನಡೆದು ಎಷ್ಟು ವರ್ಷವಾಗಿತ್ತೋ. ಭಾನುವಾರವೆಂದರೆ ಪಾರ್ಟಿಗಳ ದಿನ, ಅವನಿಗೆ ಎಂದೂ ರಜೆಯಿಲ್ಲ. ಅಲ್ಲಿನ ಶಾಲೆಯೊಂದರ ಹಾಲ್‌ನಲ್ಲಿ ಸಂಜೆ ನಾಲ್ಕಕ್ಕೆ ನಡೆಯುವ ಕನ್ನಡ ಆರಾಧನೆಗೆ ಅವನ ಹೆಂಡತಿ ಶಾಂತಕುಮಾರಿ ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು. "ಇವತ್ತರ ಬರ್ತೀರೇನ್ರಿ?" ಎಂದು ಪ್ರತಿ ಭಾನುವಾರ ಕೇಳುವಳು, ಇವತ್ತು ನಸುಕಿನಲ್ಲೂ ಕೇಳಿದ್ದಳು. "ಹ್ಯಾಂಗ್ ಬರ್ಲಿ, ದೊಡ್ಡ ಆರ್ಡರ್ ಅದ" ಎಂದಿದ್ದ ಇವನು. "ಇರ್ಲಿ ತಗೋರಿ, ನಾ ಜಾಗಾ ಹಿಡದಿರ್ತೀನಿ" ಎಂದು ಬಾರದ ಗಂಡನಿಗೆ ಮಾತು ಕೊಟ್ಟು ಕಳಿಸಿದ್ದಳು.

ಅವನು ಶಾಲೆಯ ಗೇಟು ಮುಟ್ಟಿದಾಗ ಒಳಗೆ ಮೊದಲ ಹಾಡು ಶುರುವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ನೋಡಿದ. ಮಧ್ಯದ ಸಾಲಿನಲ್ಲಿ ಶಾಂತಕುಮಾರಿ, ಅವಳ ಆಚೆಗೆ ಮಗಳು ಸೋನಾಲಿ. ಈಚೆಗಿನ ಕುರ್ಚಿಯ ಮೇಲೆ ಶಾಂತಕುಮಾರಿಯ ಕೈಚೀಲ, ಒಬ್ಬ ಮನುಷ್ಯನ ಹಾಗೆ ನೆಟ್ಟಗೆ ಕೂತಿತ್ತು.

ಸೋನಾಲಿ ಮೊದಲು ನೋಡಿದಳು. ತಾಯಿಯ ಮೊಣಕೈ ತಿವಿದಳು. ಶಾಂತಕುಮಾರಿ ತಿರುಗಿದಳು, ತಿರುಗಿದವಳ ಮುಖ ಅರಳಿದ ರೀತಿ ನೋಡಿ ದೇವಾನಂದನಿಗೆ ಅಲ್ಲಿಂದಲೇ ತಿರುಗಿ ಹೋಗಿಬಿಡೋಣ ಅನ್ನಿಸಿತು. ಅವಳು ಆಗಲೇ ಚೀಲ ತೆಗೆದು ಮಡಿಲಿಗಿಟ್ಟುಕೊಂಡು, ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಅವನು ಹೋಗಿ ಕೂತ.

"ಪಪ್ಪಾ, ಛುಟ್ಟಿ ಕೊಟ್ರಾ?" ಎಂದು ಸೋನಾಲಿ ತಾಯಿಯ ಮೇಲಿನಿಂದ ಬಗ್ಗಿ ಪಿಸುಗುಟ್ಟಿದಳು.

"ಮುಗೀಲಿ ಬೇಟಾ. ಎಲ್ಲಾ ಹೇಳ್ತೀನಿ."

"ಅಂಗಿ ಎಲ್ಲಾ ಉಳ್ಳಾಗಡ್ಡಿ ವಾಸನಿ" ಎಂದಳು ಶಾಂತಕುಮಾರಿ, ನಗುತ್ತಾ, ಬಾಯಿ ಮುಚ್ಚಿಕೊಂಡು. ಇನ್ನೂ ಏನೂ ತಿಳಿಯದ ಅವಳು ಹಾಡಿನ ಪುಸ್ತಕದ ಒಂದು ಬದಿಯನ್ನು ಅವನ ಕಡೆ ಸರಿಸಿದಳು. ಅವನು ಆ ಬದಿಯನ್ನು ಹಿಡಿದುಕೊಂಡ. ಅವಳು ಇಬ್ಬರ ಪಾಲಿನದನ್ನೂ ಹಾಡುತ್ತಿದ್ದಳು. ಹಾಳೆಯ ಮೇಲೆ ಅವನ ಹೆಬ್ಬೆರಳಿಗಂಟಿದ ಸಾಂಬಾರಿನ ಹಳದಿ ಕಲೆ ಮೆಲ್ಲಗೆ ಹರಡುತ್ತಿತ್ತು.